ರಾಕೆಟ್ ಮೇಲೆ ಸ್ವಿಂಗ್‌ವೇಟ್ ಬರೆದೇ ಮಾರಬೇಕಾ? ಪರ - ವಿರೋಧ

ಟೆನಿಸ್ ರಾಕೆಟ್ ಕೊಳ್ಳುವಾಗ ತಲೆಯ ಅಳತೆ, ತೂಕ, ಬ್ಯಾಲೆನ್ಸ್ (ಬುಡದಿಂದ ಎಷ್ಟು ದೂರದಲ್ಲಿ ರಾಕೆಟ್ ಸಮತೂಕದಲ್ಲಿ ನಿಲ್ಲುತ್ತದೆ ಅನ್ನುವುದು) ಇಷ್ಟನ್ನು ಕಂಪನಿಯೇ ಹೇಳುತ್ತದೆ. ನಿಮ್ಮ ಕೈಗೆ ಬಂದ ಆ ಒಂದು ರಾಕೆಟ್‌ನ ಸ್ವಿಂಗ್‌ವೇಟ್, ಅಂದರೆ ಬೀಸುವಾಗಿನ ಭಾರ, ಎಷ್ಟು ಅಂತ ಮಾತ್ರ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಕಾರ್ಖಾನೆಯಲ್ಲೇ ಒಂದೊಂದನ್ನೂ ಅಳೆದು, ಬಂದ ಸಂಖ್ಯೆಯನ್ನು ಫ್ರೇಮಿನ ಮೇಲೆ ಬರೆಯುವುದು ಕಡ್ಡಾಯವಾಗಬೇಕಾ? ಎರಡು ರಾಕೆಟ್ ಕೊಂಡ ಕ್ಲಬ್ ಆಟಗಾರರೊಬ್ಬರು ಹೌದು ಅನ್ನುತ್ತಾರೆ. ರಾಕೆಟ್‌ಗೆ ಸ್ಟ್ರಿಂಗ್ ಹಾಕುವವರೊಬ್ಬರು ಬೇಡ ಅನ್ನುತ್ತಾರೆ.

ಪರ: ದುಡ್ಡು ಕೊಟ್ಟವನಿಗೆ ಲೆಕ್ಕ ಕೊಡಿ

ತಕ್ಕಡಿ ತೋರಿಸುವುದು ತೂಕ. ಬೀಸುವಾಗ ಕೈಗೆ ಅನ್ನಿಸುವ ಭಾರವೇ ಬೇರೆ, ಅದು ಸ್ವಿಂಗ್‌ವೇಟ್. ಹಿಡಿಯ ಬುಡದಿಂದ 10 ಸೆಂ.ಮೀ. ಮೇಲಿನ ಜಾಗವನ್ನು ತಿರುಗುವ ಬಿಂದು ಅಂತ ಇಟ್ಟುಕೊಂಡು ಇದನ್ನು ಅಳೆಯುತ್ತಾರೆ. ಆ ಬಿಂದುವಿನಿಂದ ದೂರ ಹೋದಷ್ಟೂ ಒಂದೊಂದು ಗ್ರಾಂಗೂ ಬೆಲೆ ಜಾಸ್ತಿ, ಅದೂ ದೂರದ ವರ್ಗದ ಲೆಕ್ಕದಲ್ಲಿ: ದೂರ ಎರಡರಷ್ಟಾದರೆ ಪರಿಣಾಮ ನಾಲ್ಕರಷ್ಟು. ಹಿಡಿಗೆ 5 ಗ್ರಾಂನ ಓವರ್‌ಗ್ರಿಪ್ ಸುತ್ತಿದರೆ ಸ್ವಿಂಗ್‌ವೇಟ್ ಕದಲುವುದೇ ಇಲ್ಲ ಅನ್ನಬಹುದು. ರಾಕೆಟ್‌ನ ನೆತ್ತಿಗೆ 1 ಗ್ರಾಂ ಸೀಸದ ಪಟ್ಟಿ ಅಂಟಿಸಿ ನೋಡಿ, ಮೂರು ಪಾಯಿಂಟ್‌ಗಿಂತ (ಸ್ವಿಂಗ್‌ವೇಟ್‌ನ ಏಕಮಾನಕ್ಕೆ ರೂಢಿಯ ಹೆಸರು) ಜಾಸ್ತಿ ಏರುತ್ತದೆ.

ಈಗ ಕಂಪನಿಗಳು ತಮಗೆ ತಾವೇ ಕೊಟ್ಟುಕೊಂಡಿರುವ ಸಡಿಲಿಕೆ ನೋಡಿ. ಹಲವು ಕಂಪನಿಗಳು ಒಪ್ಪಿಕೊಳ್ಳುವ ವ್ಯತ್ಯಾಸ ತೂಕದಲ್ಲಿ 7 ಗ್ರಾಂ ಆಚೀಚೆ, ಬ್ಯಾಲೆನ್ಸ್‌ನಲ್ಲಿ 7 ಮಿ.ಮೀ. ಆಚೀಚೆ. ಕೇಳಿದರೆ ಚಿಲ್ಲರೆ ಅನ್ನಿಸುತ್ತೆ, ಅಲ್ವಾ? 300 ಗ್ರಾಂ, 32 ಸೆಂ.ಮೀ. ಬ್ಯಾಲೆನ್ಸ್ ಅಂತ ಬರೆದಿರುವ ಒಂದು ರಾಕೆಟ್ ತೆಗೆದುಕೊಳ್ಳಿ. ನೆತ್ತಿಯ ಹತ್ತಿರ ರಾಳವೋ ಬಣ್ಣವೋ 5 ಗ್ರಾಂ ಹೆಚ್ಚು ಕೂತಿದೆ ಅಂದುಕೊಳ್ಳಿ. ತೂಕ 305 ಆಯಿತು, ಬ್ಯಾಲೆನ್ಸ್ ಸುಮಾರು 6 ಮಿ.ಮೀ. ಮೇಲೆ ಹೋಯಿತು. ಎರಡೂ ಪಾಸ್! ಆದರೆ ಸ್ವಿಂಗ್‌ವೇಟ್ ಸುಮಾರು 17 ಪಾಯಿಂಟ್ ಏರಿರುತ್ತದೆ. ಅದೇ ಜಾಗದಲ್ಲಿ 5 ಗ್ರಾಂ ಕಡಿಮೆ ಕೂತಿರುವ ಇನ್ನೊಂದು ರಾಕೆಟ್ ಕೂಡ ಪಾಸ್, ಅದರದ್ದು 17 ಇಳಿದಿರುತ್ತದೆ. ಎರಡರ ನಡುವೆ 34 ಪಾಯಿಂಟ್. ಸ್ಟ್ರಿಂಗ್ ಹಾಕಿದ ಹೆಚ್ಚಿನ ರಾಕೆಟ್‌ಗಳು 280ರಿಂದ 340ರೊಳಗೆ ಇರುತ್ತವೆ ಅನ್ನುವುದನ್ನು ನೆನಪಿಟ್ಟುಕೊಂಡು ಈ 34 ಎಷ್ಟು ದೊಡ್ಡದು ಅಂತ ನೀವೇ ಹೇಳಿ. ಇದು ಕೊನೆಯ ತುದಿಗಳ ಲೆಕ್ಕ, ಇಷ್ಟು ಅಂತರ ಸಿಗುವುದು ಅಪರೂಪ, ಒಪ್ಪಿದೆ. ಆದರೆ ಐದು, ಹತ್ತು ಪಾಯಿಂಟ್ ಅಪರೂಪವಲ್ಲ.

ತೂಕ, ಬ್ಯಾಲೆನ್ಸ್ ಎರಡೂ ಕರಾರುವಾಕ್ಕಾಗಿ ಸರಿಹೊಂದಿದರೂ ಸಮಾಧಾನಪಡುವ ಹಾಗಿಲ್ಲ. ನಡುಭಾಗದಿಂದ 4 ಗ್ರಾಂ ತೆಗೆದು, 2 ಗ್ರಾಂ ನೆತ್ತಿಗೆ, 2 ಗ್ರಾಂ ಬುಡಕ್ಕೆ ಹಾಕಿ. ತೂಕ ಅಷ್ಟೇ, ಬ್ಯಾಲೆನ್ಸೂ ಅಷ್ಟೇ. ಸ್ವಿಂಗ್‌ವೇಟ್ ಮಾತ್ರ ಸುಮಾರು ನಾಲ್ಕೂವರೆ ಪಾಯಿಂಟ್ ಏರಿರುತ್ತದೆ. ಅಂದರೆ ಈಗ ಬರೆಯುತ್ತಿರುವ ಎರಡು ಸಂಖ್ಯೆಗಳಿಂದ ಈ ಮೂರನೆಯದನ್ನು ಊಹಿಸುವುದಕ್ಕೆ ಆಗುವುದಿಲ್ಲ. ಅಳೆಯಲೇಬೇಕು.

ನನ್ನ ಬ್ಯಾಗಿನಲ್ಲಿರುವ ಎರಡು ರಾಕೆಟ್ ಹೆಸರಿಗಷ್ಟೇ ಅವಳಿ. ಒಂದೇ ಮಾಡೆಲ್, ಒಂದೇ ಬಣ್ಣ, ಒಂದೇ ಸ್ಟ್ರಿಂಗ್, ಒಂದೇ ಟೆನ್ಷನ್. ಸೆಟ್ ಮಧ್ಯೆ ಒಂದರ ಸ್ಟ್ರಿಂಗ್ ಹರಿದು, ಬೀಸುವುದಕ್ಕೆ ಭಾರವಾದ ಇನ್ನೊಂದನ್ನು ಎತ್ತಿಕೊಂಡರೆ ಮೊದಲ ಎರಡು ಗೇಮ್ ಫೋರ್‌ಹ್ಯಾಂಡ್ ತಡವಾಗಿಯೇ ಬರುತ್ತದೆ, ಚೆಂಡು ಬದಿಯ ಗೆರೆ ದಾಟಿ ಹೋಗುತ್ತದೆ. ನೆಟ್ ಹತ್ತಿರ ವಾಲಿ ಆಡುವಾಗ ಆ ಭಾರದ ರಾಕೆಟ್ಟೇ ಗಟ್ಟಿಯಾಗಿ ನಿಲ್ಲುತ್ತದೆ ಅನ್ನಿ. ಯಾವುದು ಒಳ್ಳೆಯದು ಅನ್ನುವುದು ನನ್ನ ತಕರಾರಲ್ಲ. ಇಪ್ಪತ್ತು ಸಾವಿರದ ಆಸುಪಾಸು ಕೊಟ್ಟು ಒಂದೊಂದನ್ನು ಕೊಂಡವನಿಗೆ ತಾನು ಕೊಂಡಿದ್ದು ಏನು ಅಂತ ಗೊತ್ತಿರಬಾರದಾ?

ದೊಡ್ಡ ಆಟಗಾರರಿಗೆ ಈ ಪಾಡಿಲ್ಲ. ಸಾಂಪ್ರಾಸ್, ಫೆಡರರ್ ಅವರ ರಾಕೆಟ್‌ಗಳನ್ನು ಪ್ರಯಾರಿಟಿ ಒನ್ ಎಂಬ ಸಂಸ್ಥೆಯ ನೇಟ್ ಫರ್ಗುಸನ್ ಅಂಥವರು ಒಂದಕ್ಕೊಂದು ತಾಳೆ ಮಾಡಿ ಕೊಡುತ್ತಿದ್ದರು. ಸಾಂಪ್ರಾಸ್ ಅಂತೂ ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದ ಕಾರ್ಖಾನೆಯಲ್ಲಿ ತಯಾರಾದ ಪ್ರೊ ಸ್ಟಾಫ್ 85 ರಾಕೆಟ್ ಬಿಟ್ಟು ಬೇರೆಯದನ್ನು ಒಪ್ಪುತ್ತಲೇ ಇರಲಿಲ್ಲ. ಅವರಿಗೆ ವ್ಯತ್ಯಾಸ ಮುಖ್ಯ, ನಮಗೆ ಮುಖ್ಯವಲ್ಲ ಅಂತ ತೀರ್ಮಾನಿಸಿದವರು ಯಾರು?

ಮನೆಯಲ್ಲೇ ಅಳೆದುಕೊಳ್ಳಿ ಅನ್ನುವವರಿದ್ದಾರೆ. ರಾಕೆಟನ್ನು ಬುಡದಿಂದ ತೂಗುಹಾಕಿ, ಲೋಲಕದ ಹಾಗೆ ಹತ್ತು ಸಲ ಓಲಾಡಿಸಿ, ಸಮಯ ನೋಡಿ ಲೆಕ್ಕ ಹಾಕುವುದು. ಮಾಡಬಹುದು. ಹತ್ತು ಓಲಾಟಕ್ಕೆ ಸುಮಾರು 14 ಸೆಕೆಂಡ್ ಬೇಕು. ಅದರಲ್ಲಿ 0.1 ಸೆಕೆಂಡ್ ತಪ್ಪಿದರೂ ಉತ್ತರ ಏಳು ಪಾಯಿಂಟ್ ತಪ್ಪುತ್ತದೆ! ಬಾಬೋಲಾಟ್ ಕಂಪನಿಯ ಆರ್‌ಡಿಸಿಯಂಥ ರಾಕೆಟ್ ಅಳೆಯುವ ಯಂತ್ರಕ್ಕೆ ಇದು ಕ್ಷಣದ ಕೆಲಸ. ಅಮೆರಿಕದ ಟೆನಿಸ್ ವೇರ್‌ಹೌಸ್ ಅಂಗಡಿ ಹೆಚ್ಚುವರಿ ಹಣ ಕೊಟ್ಟರೆ ಹತ್ತಿರ ಹತ್ತಿರದ ಜೋಡಿ ಹುಡುಕಿ ಕೊಡುತ್ತದೆ. ಅಂಗಡಿಯವರಿಗೆ ಆಗುವ ಕೆಲಸ ಕಾರ್ಖಾನೆಯವರಿಗೆ ಆಗುವುದಿಲ್ಲವಾ? ಕಡಿಮೆ ವ್ಯತ್ಯಾಸದ ರಾಕೆಟ್ ಮಾಡಿ ಅಂತಲೂ ನಾನು ಕೇಳುತ್ತಿಲ್ಲ. ಮಾಡಿದ್ದನ್ನು ಅಳೆದು ಬರೆಯಿರಿ, ಅಷ್ಟೇ.

ವಿರೋಧ: ಬರೆದ ಸಂಖ್ಯೆ ಉಳಿಯುವುದಿಲ್ಲ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಸ್ವಲ್ಪ ಖಾರ ಆಯಿತು, ಬಿಡಿ. ಆದರೆ ಫೋರ್‌ಹ್ಯಾಂಡ್ ಕೈಕೊಟ್ಟ ದಿನ ರಾಕೆಟ್ ಹಿಡಿದುಕೊಂಡು ನನ್ನ ಹತ್ತಿರ ಬರುವವರನ್ನು ನೋಡಿದರೆ ನೆನಪಾಗುವುದು ಇದೇ.

ನನ್ನ ಕೆಲಸ ಸ್ಟ್ರಿಂಗ್ ಹಾಕುವುದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಕಾರ್ಖಾನೆಯಿಂದ ಹೊರಡುವಾಗ ಇಂಥ ರಾಕೆಟ್‌ನಲ್ಲಿ ಸಾಮಾನ್ಯವಾಗಿ ಸ್ಟ್ರಿಂಗೇ ಇರುವುದಿಲ್ಲ. ಒಂದು ಸೆಟ್ ಸ್ಟ್ರಿಂಗ್ ಸುಮಾರು 16 ಗ್ರಾಂ, ಅದರಿಂದ ಸ್ವಿಂಗ್‌ವೇಟ್ ಏರುವುದು ಮೂವತ್ತರ ಹತ್ತಿರ. ನೀವು ತೆಳು ಸ್ಟ್ರಿಂಗ್ ಬಿಟ್ಟು 1 ಗ್ರಾಂ ಜಾಸ್ತಿ ತೂಗುವ ದಪ್ಪನೆಯದನ್ನು ಹಾಕಿಸಿದರೆ ಇನ್ನೂ ಎರಡು ಪಾಯಿಂಟ್. ಸ್ಟ್ರಿಂಗ್‌ನ ನಡುಕ ತಗ್ಗಿಸುವ ಪುಟ್ಟ ಡ್ಯಾಂಪ್ನರ್ ಸಿಕ್ಕಿಸಿದರೆ ಒಂದು, ಒಂದೂವರೆ. ನೆತ್ತಿ ಕೆರೆಯದಿರಲಿ ಅಂತ 3 ಗ್ರಾಂನ ಟೇಪ್ ಅಂಟಿಸಿದರೆ ಹತ್ತು. ಇನ್ನು ಸಿಮೆಂಟ್ ಕೋರ್ಟಿನಲ್ಲಿ ಕೆಳಗಿನ ಚೆಂಡಿಗೆ ಬಗ್ಗಿ ಬಗ್ಗಿ ಬಂಪರ್, ಅಂದರೆ ನೆತ್ತಿಯ ಪ್ಲಾಸ್ಟಿಕ್ ಕವಚ, ಉಜ್ಜಿಹೋಗುತ್ತದಲ್ಲ, 1 ಗ್ರಾಂ ಸವೆದರೆ ಮೂರು ಪಾಯಿಂಟ್ ಇಳಿಯಿತು. ನನ್ನ ಮೇಜಿನ ಮೇಲೆ ಬರುವ ರಾಕೆಟ್‌ಗಳಲ್ಲಿ ಬಂಪರ್ ಸವೆದು ಫ್ರೇಮಿನ ಬಣ್ಣವೇ ಕಾಣುತ್ತಿರುವವು ಬೇಕಾದಷ್ಟಿವೆ. ಫ್ರೇಮಿನ ಮೇಲೆ ಬರೆದ ಸಂಖ್ಯೆ ಇದನ್ನೆಲ್ಲ ಹೇಳುತ್ತದಾ? ಅಂಗಡಿ ಬಿಟ್ಟ ದಿನವೇ ಅದು ಹಳೆಯದಾಯಿತು.

ಎರಡಕ್ಕೂ ಒಂದೇ ಸ್ಟ್ರಿಂಗ್ ಹಾಕಿದರೆ ವ್ಯತ್ಯಾಸ ಹಾಗೇ ಉಳಿಯುತ್ತದಲ್ಲ ಅಂತ ಅವರು ಕೇಳಬಹುದು. ನಿಜ, ಜೋಡಿ ಹೊಂದಿಸುವವರಿಗೆ ಆ ಮಾತು ಸರಿ. ಅಂಥವರಿಗೆ ದಾರಿಯೂ ಇದೆ. ಭಾರದ ರಾಕೆಟನ್ನು ಹಾಗೇ ಬಿಟ್ಟು, ಹಗುರದ್ದರ ನೆತ್ತಿಗೆ ಸೀಸದ ಪಟ್ಟಿ ಅಂಟಿಸುವುದು. ತೆಗೆಯುವುದಕ್ಕೆ ಬರುವುದಿಲ್ಲ, ಸೇರಿಸುವುದಕ್ಕೆ ಮಾತ್ರ ಬರುತ್ತದೆ. ಆರು ಪಾಯಿಂಟ್ ಅಂತರಕ್ಕೆ 2 ಗ್ರಾಂಗಿಂತ ಕಡಿಮೆ ಸೀಸ ಸಾಕು, ಐದು ನಿಮಿಷದ ಕೆಲಸ. ದೊಡ್ಡ ಆಟಗಾರರ ರಾಕೆಟ್‌ಗೂ ಹೆಚ್ಚುಕಡಿಮೆ ಇದನ್ನೇ ಮಾಡುವುದು. ಅವರಿಗಾಗಿ ಕಾರ್ಖಾನೆಯಲ್ಲಿ ಯಾರೂ ಮಂತ್ರ ಹಾಕಿರುವುದಿಲ್ಲ.

ರಾಕೆಟ್ ಹೇಗೆ ತಯಾರಾಗುತ್ತದೆ ಅನ್ನುವುದನ್ನೂ ನೋಡಬೇಕು. ರಾಳದಲ್ಲಿ ನೆನೆದ ಕಾರ್ಬನ್ ಹಾಳೆಗಳನ್ನು ಕೈಯಲ್ಲೇ ಸುತ್ತಿ ಕೊಳವೆ ಮಾಡುತ್ತಾರೆ. ಅದನ್ನು ಅಚ್ಚಿನೊಳಗೆ ಬಗ್ಗಿಸಿ ಕೂರಿಸಿ, ಒಳಗಿನಿಂದ ಗಾಳಿ ಉಬ್ಬಿಸಿ, ಬಿಸಿಯಲ್ಲಿ ಗಟ್ಟಿಯಾಗಿಸುತ್ತಾರೆ. ಆಮೇಲೆ ತೂತು ಕೊರೆಯುವುದು, ಗುಂಡಿಬಿದ್ದ ಕಡೆ ಪುಟ್ಟಿ ಮೆತ್ತಿ ಉಜ್ಜುವುದು, ಬಣ್ಣ ಹೊಡೆಯುವುದು. ಇಷ್ಟು ಕೈ ದಾಟಿ ಬಂದ ವಸ್ತುವಿನಲ್ಲಿ ಒಂದೆರಡು ಗ್ರಾಂ ಅಲ್ಲಿ ಇಲ್ಲಿ ಕೂರುವುದು ಸಹಜ. ಒಮ್ಮೆ ಗಟ್ಟಿಯಾದ ಫ್ರೇಮನ್ನು ಕರಗಿಸಿ ಮತ್ತೆ ಮಾಡುವುದಕ್ಕೂ ಆಗುವುದಿಲ್ಲ.

ಅವರು ಬಿಗಿ ಬೇಡ, ಬರೆದರೆ ಸಾಕು ಅನ್ನುತ್ತಾರೆ. ಬರೆದ ಮೇಲೆ ಏನಾಗುತ್ತದೆ ಅಂತ ಯೋಚಿಸಿದ್ದಾರಾ? ಒಂದೇ ಮಾಡೆಲ್‌ನ ಹತ್ತು ರಾಕೆಟ್ ಅಂಗಡಿಯಲ್ಲಿವೆ. ಎಲ್ಲೋ ಓದಿದ ಒಂದು ಸಂಖ್ಯೆ ಹಿಡಿದುಕೊಂಡು ಎಲ್ಲರೂ ಅದನ್ನೇ ಕೇಳುತ್ತಾರೆ. ತುದಿಯಲ್ಲಿರುವವು ಗೋಡೆಯಲ್ಲೇ ಉಳಿಯುತ್ತವೆ. ಅಂಗಡಿಯವನು ಅವನ್ನು ಕಂಪನಿಗೆ ವಾಪಸ್ ಕಳಿಸುತ್ತಾನೆ, ಕಂಪನಿ ಆ ನಷ್ಟವನ್ನು ಬೆಲೆಗೆ ಸೇರಿಸುತ್ತದೆ. ಈಗಲೇ ಮಗಳಿಗೆ ರಾಕೆಟ್ ಕೊಡಿಸುವುದಕ್ಕೆ ಹತ್ತು ಸಲ ಯೋಚಿಸುವ ಅಪ್ಪ ಅಮ್ಮಂದಿರ ಕೈ ಕಚ್ಚುವುದು ಆಗ.

ಇನ್ನೊಂದು ವಿಷಯ. ಆಟದ ನಿಯಮದಲ್ಲೇ ಟೆನಿಸ್ ಚೆಂಡು 56ರಿಂದ 59.4 ಗ್ರಾಂವರೆಗೆ ಇರಬಹುದು. ಅಂದರೆ ಸುಮಾರು ನೂರಕ್ಕೆ ಆರರಷ್ಟು ವ್ಯತ್ಯಾಸ. ರಾಕೆಟ್‌ನ ಉದ್ದ 73.7 ಸೆಂ.ಮೀ. ಮೀರಬಾರದು ಅಂತ ನಿಯಮ ಇದೆ, ತೂಕಕ್ಕೆ ಮಿತಿಯೇ ಇಲ್ಲ. ಡಬ್ಬಿ ತೆರೆದು ಮೂರು ದಿನವಾದ ಚೆಂಡಿನಲ್ಲಿ ಆಡುತ್ತಾ ರಾಕೆಟ್‌ನ ನಾಲ್ಕು ಪಾಯಿಂಟ್‌ಗೆ ತಲೆ ಕೆಡಿಸಿಕೊಳ್ಳುವುದು ನನಗೆ ಅರ್ಥವಾಗುವುದಿಲ್ಲ.

ಕಡ್ಡಾಯ ಮಾಡಲೇಬೇಕು ಅಂದರೆ ಆ ಫ್ರೇಮಿನ ನಿಜವಾದ ತೂಕ, ನಿಜವಾದ ಬ್ಯಾಲೆನ್ಸ್ ಬರೆಯಲಿ. ಮಾಡೆಲ್‌ನ ಅಂದಾಜು ಬೇಡ. ಸ್ವಿಂಗ್‌ವೇಟ್ ಯಂತ್ರಗಳು ಒಂದಕ್ಕೊಂದು ಒಂದೆರಡು ಪಾಯಿಂಟ್ ಬೇರೆ ತೋರಿಸುತ್ತವೆ. ಕಂಪನಿ 322 ಅಂದು, ನಿಮ್ಮೂರಿನ ಯಂತ್ರ 325 ಅಂದರೆ ಜಗಳ ಬಿಡಿಸುವವರು ಯಾರು? ತೂಕ, ಬ್ಯಾಲೆನ್ಸ್‌ಗಾದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಪೆನ್ಸಿಲ್, ಅಳತೆ ಟೇಪ್ ಸಾಕು. ಕಂಪನಿ ಸುಳ್ಳು ಬರೆದಿದ್ದರೆ ಅವತ್ತು ಸಂಜೆಯೇ ಸಿಕ್ಕಿಬೀಳುತ್ತದೆ.