ಕಂಬಕ್ಕೊಂದು ಪೋರ್ಟ್ರೇಟ್

ಪೋರ್ಟ್ರೇಟ್ ಫೋಟೊಗ್ರಫಿ ಕಲಿಯಲು ಸಾವಿರಗಟ್ಟಲೆ ಫೀಸು ಕಟ್ಟುವವರನ್ನು ಕಂಡರೆ ಪಾಪ ಅನಿಸುತ್ತದೆ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಒಂದು ವಾರ ಇರುವಾಗ ಉಡುಪಿಯ ಕಲ್ಸಂಕಕ್ಕೆ ಬಂದು ನಿಂತರೆ ಸಿದ್ಧಾಂತ, ಪ್ರಯೋಗ ಎರಡೂ ಪುಕ್ಕಟೆ. ಹೇಗೂ ಅಲ್ಲಿ ಟ್ರಾಫಿಕ್ ಜಾಮ್ ಇದ್ದದ್ದೇ, ಒಂದೊಂದು ಫ್ಲೆಕ್ಸನ್ನೂ ಸಾವಕಾಶ ಅಭ್ಯಾಸ ಮಾಡಬಹುದು.

ರೆಂಬ್ರಾಂಟ್ ಲೈಟಿಂಗ್ ಅಂತ ಉಂಟು. 17ನೇ ಶತಮಾನದ ಡಚ್ ಚಿತ್ರಕಾರನ ಹೆಸರಿನದ್ದು. ದೀಪವನ್ನು ಕಣ್ಣಿಗಿಂತ ಎತ್ತರದಲ್ಲಿ, ಸುಮಾರು 45 ಡಿಗ್ರಿ ಪಕ್ಕಕ್ಕೆ ಇಟ್ಟರೆ, ನೆರಳು ಬಿದ್ದ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಸಣ್ಣ ತ್ರಿಕೋನವೊಂದು ಮೂಡುತ್ತದೆ. ಇದನ್ನು ಕಲಿತು ಬಂದ ಹುಡುಗನೊಬ್ಬ ನಮ್ಮ ಭಾವೀ ಕೌನ್ಸಿಲರರ ಫೋಟೊವನ್ನು ಹಾಗೆಯೇ ತೆಗೆದುಕೊಟ್ಟ. "ಈ ಕಡೆ ಎಂತ ಮಾರಾಯಾ ಕಪ್ಪು? ಕರೆಂಟು ಹೋಗಿತ್ತಾ?" ಅಂದರು. ಫ್ಲೆಕ್ಸ್ ಶಾಸ್ತ್ರದಲ್ಲಿ ನೆರಳು ನಿಷಿದ್ಧ. ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ, ಮೂಗಿನ ಹೊಳ್ಳೆ ಎರಡು ಬಿಟ್ಟು ಉಳಿದದ್ದೆಲ್ಲ ಸಪಾಟು ಮಾಡುತ್ತಾರೆ. ಕಿವಿಗಳು ಮಾತ್ರ ಹುಟ್ಟಿದ ಬಣ್ಣದಲ್ಲೇ ಉಳಿಯುತ್ತವೆ, ಹಬ್ಬದ ವಾರ ಡಿಸೈನರಿಗೆ ಪುರುಸೊತ್ತೆಲ್ಲಿ?

ಮುಖಕ್ಕೆ 85 ಎಂಎಂ ಲೆನ್ಸ್ ಒಳ್ಳೆಯದು, ಒಂದೂವರೆ ಎರಡು ಮೀಟರ್ ದೂರ ನಿಲ್ಲಿ, ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ ಎನ್ನುತ್ತಾರೆ ಬಲ್ಲವರು. ನಮ್ಮವರಿಗೆ ಲೆನ್ಸೇ ಬೇಡ, ಯಾರದ್ದಾದರೂ ಮದುವೆಯ ಗ್ರೂಪ್ ಫೋಟೊ ಸಾಕು. ಕತ್ತರಿಸಿ ಅಂಟಿಸಿದರಾಯಿತು. ಹಾಗೆ ಅಂಟಿಸಿದ ಯುವ ನಾಯಕರೊಬ್ಬರ ಬಲಭುಜದ ಮೇಲೆ ಉಂಗುರ ತೊಟ್ಟ ನಾಲ್ಕು ಬೆರಳು ಹಾಗೇ ಉಳಿದುಬಿಟ್ಟಿವೆ. ಕೈಯ ಯಜಮಾನ ಫೋಟೊದಲ್ಲಿಲ್ಲ. ಟಿಕೆಟ್ ಕೊಡಿಸುವ ಕೈ ಅದು ಎಂದು ಬೆಂಬಲಿಗರು ನಂಬಿದ್ದಾರೆ.

ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದಕ್ಕೆ. ವಿಲೋಮ ವರ್ಗ ನಿಯಮ ಅಂದರೆ ಇದೇ. ವಿದ್ಯಾರ್ಥಿಗಳು ತಲೆ ಕೆರೆದುಕೊಳ್ಳುವ ಈ ಸೂತ್ರ ಕಲ್ಸಂಕದಲ್ಲಿ ಮಕ್ಕಳಿಗೂ ಅರ್ಥವಾಗುತ್ತದೆ. ನಡುವೆ ದೊಡ್ಡ ನಾಯಕರು, ಆಳೆತ್ತರ. ಅವರ ಕಾರಿನಲ್ಲಿ ಕೂರುವವರು ಅದರ ಕಾಲು ಭಾಗ. ಕಾರಿನ ಬಾಗಿಲು ತೆಗೆಯುವವರು ಒಂಬತ್ತನೇ ಒಂದು. ಫ್ಲೆಕ್ಸಿಗೆ ದುಡ್ಡು ಹಾಕಿದ ಹುಡುಗರು ಅಡಿಯ ಸಾಲಿನಲ್ಲಿ, ಅಂಚೆ ಸ್ಟಾಂಪಿನಷ್ಟು, 'ಶುಭ ಕೋರುವವರು'. ಕೃಷ್ಣನೂ ಇದ್ದಾನೆ, ಎಡಮೂಲೆಯಲ್ಲಿ. ಜಾಗ ಸಾಲದೆ ಬೆಣ್ಣೆ ಗಡಿಗೆಯನ್ನು ಅರ್ಧಕ್ಕೆ ಕತ್ತರಿಸಿದ್ದಾರೆ. ಹಬ್ಬ ಅವನದ್ದೇ ಅಂತೆ.

ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರುಗಳನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದೆ. ಆ ಆದೇಶವನ್ನೂ ಮಂತ್ರಿಗಳ ಫೋಟೊ ಸಮೇತ ಫ್ಲೆಕ್ಸ್ ಮಾಡಿಸಿ ಕಟ್ಟಿದ್ದರೆ ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತೋ ಏನೋ.

ಭಾವಾಭಿನಯದ ತಲೆಬಿಸಿಯೂ ಇಲ್ಲ. ಹಲ್ಲು ಕಾಣುವ ನಗು, ಮುಗಿದ ಕೈ. ಹುಟ್ಟುಹಬ್ಬ, ದೀಪಾವಳಿ, ಕಂಬಳ, ಬ್ರಹ್ಮಕಲಶ, ಎಲ್ಲಕ್ಕೂ ಅದೊಂದೇ ಫೋಟೊ. ಕಡೆಗೆ ಬಲೂನು ಅಳಿಸಿ ಎರಡು ದೀಪ ಇಟ್ಟರೆ 'ಭಾವಪೂರ್ಣ ಶ್ರದ್ಧಾಂಜಲಿ'ಯೂ ತಯಾರು. ತೀರಿಕೊಂಡವರು ಅಷ್ಟು ಖುಷಿಯಲ್ಲಿರುವುದು ನೋಡಿ ಉಳಿದವರಿಗೇ ಸಂಕಟ.

ಕರಾವಳಿಯ ಬಿಸಿಲಿಗೆ ಮೊದಲು ಹಾರುವುದು ಹಳದಿ, ಕೆಂಪು ಶಾಯಿ, ನೀಲಿ ಕೊನೆತನಕ ನಿಲ್ಲುತ್ತದೆ. ಹಾಗಾಗಿ ಮಾರ್ಚ್ ಬರುವಾಗ, ಬಿಚ್ಚದೆ ಬಿಟ್ಟ ಫ್ಲೆಕ್ಸುಗಳಲ್ಲಿ ಪಕ್ಷಭೇದವಿಲ್ಲದೆ ಎಲ್ಲರೂ ನೀಲಮೇಘಶ್ಯಾಮರು. ಮಳೆ ಹಿಡಿಯುವ ಮುಂಚೆ ಯಾರೋ ರಾತ್ರೋರಾತ್ರಿ ಹಗ್ಗ ಬಿಚ್ಚಿ ಒಯ್ಯುತ್ತಾರೆ. ನಮ್ಮ ನೆರೆಮನೆಯ ಅಜ್ಜಿಯ ಸೌದೆ ಕೊಟ್ಟಿಗೆಯ ಮೇಲೆ ಒಬ್ಬರು ಅಂಗಾತ ಮಲಗಿದ್ದಾರೆ, ಎದೆಯ ಮೇಲೆ ಎರಡು ಕೆಂಪು ಕಲ್ಲು.

"ಹೋದ ಸಲದವರು ಸೋರುತ್ತಿದ್ದರು ಮಗಾ," ಎಂದರು ಅಜ್ಜಿ. "ಇವರು ಗಟ್ಟಿ ಉಂಟು."