ಕವಳ ಹಾಕ್ತ್ರಾ?

ತುಮರಿ ಕಡೆಯ ಅಡಿಕೆ ತೋಟವೊಂದರ ಹೋಂಸ್ಟೇಗೆ ನಾವು ಹೋಗಿದ್ದು ಸೇತುವೆ ಆಗುವುದಕ್ಕೆ ಮುಂಚಿನ ಮಳೆಗಾಲದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿ ಹಿನ್ನೀರು ಆ ಊರುಗಳನ್ನು ಸುತ್ತುವರಿದು ದ್ವೀಪದ ಹಾಗೆ ಮಾಡಿತ್ತು. ಸಾಗರದಿಂದ ಹೋಗುವವರಿಗೆ ಲಾಂಚೇ ಗತಿ. 2025ರ ಜುಲೈನಲ್ಲಿ ಸೇತುವೆ ಶುರುವಾಯಿತು. ಈಗ ತಡವಾದರೆ ಲಾಂಚಿನ ನೆಪ ಹೇಳುವ ಹಾಗಿಲ್ಲ.

ನಮಗೆ ತಡವಾಗಿದ್ದು ಇಕ್ಕೇರಿಯಲ್ಲಿ. ಅಘೋರೇಶ್ವರ ದೇವಸ್ಥಾನದ ನಂದಿ ಪಕ್ಕ ನಿಂತು ಇಪ್ಪತ್ತು ಫೋಟೊ ತೆಗೆಸಿಕೊಂಡೆ. ಪ್ರತಿ ಸಲವೂ ಅಷ್ಟು ದೊಡ್ಡ ನಂದಿಗಿಂತ ನನ್ನ ಹೊಟ್ಟೆಯೇ ಎದ್ದು ಕಾಣುತ್ತಿತ್ತು, ಅದಕ್ಕೇ ಇಪ್ಪತ್ತು. ಅಂಬಾರಗೊಡ್ಲು ದಡದಲ್ಲಿ ಕಾರುಗಳ ಸಾಲು ನೋಡಿ ಹೆಂಡತಿ ಏನೂ ಮಾತಾಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮಧ್ಯಾಹ್ನದ ಊಟದ ಹೊತ್ತು ಲಾಂಚ್ ಕಾಯುವುದರಲ್ಲೇ ಮುಗಿಯಿತು. ತೋಟದ ಮನೆ ಸೇರುವಾಗ ನಾಲ್ಕೂವರೆ.

"ಬನ್ನಿ, ಬನ್ನಿ. ಆಸ್ರಿಗೆ ಎಂತ ಕೊಡ್ಲಿ?" ಎಂದರು ಯಜಮಾನರು.

"ಆಸರೆ ಕೊಟ್ಟಿದ್ದೀರಲ್ಲ ಸರ್, ಅಷ್ಟೇ ಸಾಕು" ಎಂದೆ, ವಿನಯದಿಂದ. ಕುಡಿಯಲು ಏನು ಬೇಕು ಅಂತ ಅವರು ಕೇಳಿದ್ದು ಎಂದು ಗೊತ್ತಾಗಿದ್ದು ಆಮೇಲೆ.

"ಹಂಗಾರೆ ಕವಳ ಹಾಕ್ತ್ರಾ?"

ನಮ್ಮ ಕಡೆ ಭಿಕ್ಷೆಯವರು 'ಕವಳ ತಾಯೀ' ಎಂದು ಕೂಗಿದರೆ ಅನ್ನ ಹಾಕುತ್ತಾರೆ. "ಧಾರಾಳವಾಗಿ ಹಾಕಿ ಸರ್, ಬೆಳಗ್ಗೆಯಿಂದ ಏನೂ ತಿಂದಿಲ್ಲ" ಎಂದು ಕೈ ತೊಳೆದುಕೊಂಡು ಕುಳಿತೆ.

ಬಂದಿದ್ದು ಬಟ್ಟಲು. ಅದರಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ, ಒಂದು ಎಸಳು ಹೊಗೆಸೊಪ್ಪು. ಬೇಡ ಎನ್ನಲು ಮಾನ ಅಡ್ಡ ಬಂತು. ಅವರು ಹಾಕಿದಂತೆ ನಾನೂ ಎಲ್ಲ ಸೇರಿಸಿ ಬಾಯಿಗಿಟ್ಟೆ. ಎರಡು ನಿಮಿಷಕ್ಕೆ ಜಗಲಿಯ ಕಂಬಗಳು ಲಾಂಚ್ ಹತ್ತಿದವು. ಉಗುಳಲು ತೋಟಕ್ಕೆ ಓಡಿದೆ. ಅಡಿಕೆ ಮರವೊಂದನ್ನು ತಬ್ಬಿಕೊಂಡು ಎಷ್ಟು ಹೊತ್ತು ನಿಂತೆನೋ!

ತಿರುಗಿ ಬಂದಾಗ ಬಿಳಿ ಸಾಕ್ಸ್ ಕೆಂಪಾಗಿತ್ತು. ಉಂಬಳ! ಮಲೆನಾಡಿನ ಜಿಗಣೆ. ದ್ರಾಕ್ಷಿಯ ಹಾಗೆ ಉಬ್ಬಿಕೊಂಡು ಪಾದದ ಗಂಟಿಗೆ ನೇತಾಡುತ್ತಿತ್ತು. ಆ ಮನೆಯಲ್ಲಿ ಮೊದಲು ಊಟ ಮುಗಿಸಿದ್ದು ಅದೇ. ಯಜಮಾನರು ಅದೇ ಬಟ್ಟಲಿನಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಮುಟ್ಟಿಸಿದರು. ಪಟ್ಟನೆ ಉದುರಿತು.

ರಾತ್ರಿ ಬಾಳೆ ಎಲೆ ತುಂಬ ಬಡಿಸಿದರು. ಅಪ್ಪೆಹುಳಿಯನ್ನು ನಾಲ್ಕು ಲೋಟ ಕುಡಿದೆ. ಕೈ ತೊಳೆದು ಬರುವಷ್ಟರಲ್ಲಿ ಬಟ್ಟಲು ಮತ್ತೆ ಜಗಲಿಗೆ ಬಂದಿತ್ತು.

"ಕವಳ?"

ನಾನು ಬಾಯಿ ತೆಗೆಯುವ ಮುಂಚೆ ಹೆಂಡತಿಯೇ ಹೇಳಿದಳು: "ನಮ್ಮವರಿಗೆ ಬರೀ ಸುಣ್ಣ ಕೊಡಿ, ಸಾಕು."