ಜನಕ್ಕೆ ಗೊತ್ತಾಗಲ್ಲ ಸರ್

ಸ್ವಲ್ಪ ಉದ್ದ ಇದೆ, ಪುರ್ಸೊತ್ತಿದ್ರೆ ಓದಿ.

ಹೋದ ತಿಂಗಳು ಒಂದು ಏಜೆನ್ಸಿಯಿಂದ ಫೋನ್ ಬಂತು. "ಸರ್ ದೊಡ್ಡ ಕೆಲ್ಸ ಏನಲ್ಲ, ಅನಿಮೇಷನ್ ಎಲ್ಲಾ ಆಗ್ಬಿಟ್ಟಿದೆ, ಸ್ವಲ್ಪ ಫಿಕ್ಸಿಂಗ್ ಇದೆ ಅಷ್ಟೇ, ಒಂದಿನದಲ್ಲಿ ಮುಗಿಯತ್ತೆ" ಅಂದ್ರು. ಮಸಾಲೆ ಪುಡಿ ಆಡು, 40 ಸೆಕೆಂಡು, ಥೀಮ್ ಯಕ್ಷಗಾನ. ನಾನು ಅನಿಮೇಟರ್, ಸಾಗರದ ಕಡೆಯವ್ನು, ಚಿಕ್ಕವಯಸ್ಸಲ್ಲಿ ಅಪ್ಪಯ್ಯನ ಜೊತೆ ಕಂಬಳಿ ಹೊದ್ಕೊಂಡು ಬಯಲಾಟ ನೋಡಿ ಬೆಳಗಿನ ಜಾವ ಅಲ್ಲೇ ನಿದ್ದೆ ಹೋದವ್ನು, ಯಕ್ಷಗಾನ ಅಂದ ತಕ್ಷಣ ರೇಟ್ ಕೂಡಾ ಸರಿಯಾಗಿ ಕೇಳ್ದೆ ಒಪ್ಕೊಂಡ್ಬಿಟ್ಟೆ. ಅದು ನನ್ನ ತಪ್ಪು.

ಫೈಲ್ ಓಪನ್ ಮಾಡಿದ್ರೆ ಎಲ್ಲಾ ಎಐ ಕ್ಲಿಪ್ಪು. ಮೊದಲ ನೋಟಕ್ಕೆ ಭರ್ಜರಿ ಕಣ್ರೀ, ಸುಳ್ಳು ಹೇಳಲ್ಲ. ಲೈಟಿಂಗ್ ಚೆಂದ, ಹಿಂದೆ ದೀಪ, ಹೊಗೆ. ಆಮೇಲೆ ಒಂದೊಂದೇ ಫ್ರೇಮ್ ತಳ್ಳಿ ನೋಡ್ತಾ ಹೋದೆ. ವೇಷಧಾರಿ ಎದುರಿಗೆ ನಿಂತಾಗ ತಲೆ ಮೇಲೆ ಯಕ್ಷಗಾನದ ಕೇದಗೆ ಮುಂದಲೆ, ಅರ್ಧ ಸುತ್ತು ತಿರುಗೋ ಹೊತ್ತಿಗೆ ಅದು ಕಥಕ್ಕಳಿ ಕಿರೀಟ, ಪೂರ್ತಿ ತಿರುಗಿದ್ಮೇಲೆ ಎರಡೂ ಅಲ್ಲದ ಇನ್ನೊಂದೇನೋ. ಬಲಗಡೆ ಭುಜಕೀರ್ತಿ ಇದೆ, ಎಡಗಡೆದು ಕರಗಿ ತೋಳಿಗೇ ಸೇರ್ಕೊಂಡಿದೆ. ಒಂದು ಕಾಲಿಗೆ ಗೆಜ್ಜೆ ಇದೆ, ಇನ್ನೊಂದಕ್ಕಿಲ್ಲ. ಕೈಬಳೆ ಒಂದ್ಸಲ ಐದು, ಒಂದ್ಸಲ ನಾಲ್ಕು, ಮತ್ತೆ ಆರು. ಇದೆಲ್ಲಾ ಹೆಂಗೋ ಪೇಂಟ್ ಮಾಡಿ ಮುಚ್ಚಬಹುದು, ಆದ್ರೆ ಕುಣಿತ ಇದ್ಯಲ್ಲ, ಕಾಲು ಕೆಳಗೆ ಬೀಳತ್ತೆ, ಮೈ ಭಾರ ಬೀಳಲ್ಲ. ಸೊಂಟಕ್ಕೆ ಗೊತ್ತೇ ಇಲ್ಲ ಪಾದ ನೆಲ ಮುಟ್ತು ಅಂತ. ಜಾರುಬಂಡೆ ಮೇಲೆ ನಿಲ್ಸಿದ ಗೊಂಬೆ ಥರ.

ಫೋನ್ ಮಾಡಿ ಹೇಳ್ದೆ. ಆ ಕಡೆ ಹುಡುಗ ಬಹಳ ವಿನಯದಿಂದ "ಅಷ್ಟೆಲ್ಲಾ ಜನಕ್ಕೆ ಗೊತ್ತಾಗಲ್ಲ ಸರ್" ಅಂದ. ಆ ಮಾತು ಅವತ್ತಿಂದ ತಲೇಲಿ ಕೊರೀತಾನೇ ಇದೆ, ಅದಕ್ಕೇ ಈ ಪೋಸ್ಟು.

ಈ ಫಿಕ್ಸಿಂಗ್ ಅನ್ನೋದು ಏನು ಅಂತ ಹೊರಗಿನವ್ರಿಗೆ ಗೊತ್ತಿರಲ್ಲ, ಹೇಳ್ತೀನಿ. ನಾನೇ ಮಾಡಿದ ಶಾಟಲ್ಲಿ ಕೈ ಸ್ವಲ್ಪ ಮೇಲೆ ಬೇಕು ಅಂದ್ರೆ ಆ ಕೀ ಪೋಸ್ (ಚಲನೆಯ ಮುಖ್ಯ ಭಂಗಿ) ತೆಗ್ದು ಕೈ ಎತ್ತಿ ಮಧ್ಯದ ಡ್ರಾಯಿಂಗ್ ಸರಿ ಮಾಡ್ಕೋತೀನಿ, ಮುಗೀತು. ಎಐ ಕ್ಲಿಪ್ಪಲ್ಲಿ ಲೇಯರ್ ಇಲ್ಲ, ಕೀ ಇಲ್ಲ, ರಿಗ್ (ಪಾತ್ರನ ಆಡಿಸೋ ಒಳಗಿನ ಎಲುಬುಗೂಡು) ಇಲ್ಲ, ಎಲ್ಲಾ ಒಂದೇ ಮುದ್ದೆ. ಮತ್ತೆ ಪ್ರಾಂಪ್ಟ್ ಕೊಟ್ರೆ ಕೈ ಸರಿಯಾಗತ್ತೆ, ಮುಖ ಬೇರೆಯವಂದಾಗತ್ತೆ. ಸೆಕೆಂಡಿಗೆ 24 ಫ್ರೇಮು, 6 ಸೆಕೆಂಡಿನ ಶಾಟ್ ಅಂದ್ರೆ 144, ಅಷ್ಟರ ಮೇಲೂ ಕೂತು ಬಳೆ ಎಣಿಸ್ಬೇಕು. ಮೊದಲಿಂದ ನಾನೇ ಮಾಡಿದ್ರೆ ಎಷ್ಟು ದಿನ ಹಿಡೀತಿತ್ತೋ ಹೆಚ್ಚುಕಡಿಮೆ ಅಷ್ಟೇ ದಿನ ಹಿಡೀತು, ದುಡ್ಡು ಮಾತ್ರ ಮೂರನೇ ಒಂದು ಭಾಗ. ಯಾಕಂದ್ರೆ "ಅನಿಮೇಷನ್ ಆಗ್ಬಿಟ್ಟಿದೆ" ಅಲ್ವಾ.

ನಾನು ಎಐ ವಿರೋಧಿ ಅಂತ ಈಗ್ಲೇ ಕಾಮೆಂಟ್ ಟೈಪ್ ಮಾಡ್ಬೇಡಿ. 2025ರ ಮಾರ್ಚಲ್ಲಿ ಚಾಟ್‌ಜಿಪಿಟಿಲಿ ಗಿಬ್ಲಿ (ಜಪಾನಿನ ಅನಿಮೇಷನ್ ಸ್ಟುಡಿಯೋ) ಥರದ ಫೋಟೋ ಹುಚ್ಚು ಶುರುವಾದಾಗ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಅತ್ತಿಗೆ, ಚಿಕ್ಕಮ್ಮ ಎಲ್ಲರ ಡಿಪಿನೂ ಗಿಬ್ಲಿ ಆಗಿತ್ತು, ಅಪ್ಪಯ್ಯಂದೂ ಯಾರೋ ಮಾಡಿ ಹಾಕಿದ್ರು, ನಾನೂ ನೋಡಿ ನಕ್ಕಿದೀನಿ. ಆಗ ಎಲ್ಲಾ ಕಡೆ ಗಿಬ್ಲಿಯ ನಿರ್ದೇಶಕ ಮಿಯಾಝಾಕಿ "ಇದು ಜೀವಕ್ಕೇ ಮಾಡೋ ಅವಮಾನ" ಅಂದಿದ್ರು ಅಂತ ವಿಡಿಯೋ ಓಡಾಡ್ತು. ಅದು ಈ ಫೋಟೋ ಬಗ್ಗೆ ಹೇಳಿದ್ದಲ್ಲ ಮಾರಾಯ್ರೆ, 2016ರ ಜಪಾನಿನ ಟಿವಿ ಎನ್‌ಎಚ್‌ಕೆ ಡಾಕ್ಯುಮೆಂಟರಿದು. ಕಂಪ್ಯೂಟರ್ ತಾನೇ ಕಲಿತ್ಕೊಂಡು ನಡೆಯೋ ಒಂದು ವಿಕಾರವಾದ ದೇಹವನ್ನ ತಂದು ತೋರ್ಸಿದ್ರು, ಅದು ತಲೆನೇ ಕಾಲಿನ ಥರ ಬಳಸಿ ತೆವಳ್ತಿತ್ತು. ಅವ್ರು ತಮ್ಮ ಅಂಗವೈಕಲ್ಯ ಇರೋ ಗೆಳೆಯನ್ನ ನೆನಪು ಮಾಡ್ಕೊಂಡ್ರು, ಅವನಿಗೆ ಕೈ ಎತ್ತಿ ಕೈಗೆ ತಟ್ಟೋದೂ ಎಷ್ಟು ಕಷ್ಟ ಅಂತ. ನೋವು ಏನು ಅಂತ ಗೊತ್ತಿಲ್ಲದವ್ರು ಮಾಡಿದ್ದು ಇದು ಅಂತ ಅವ್ರ ಸಿಟ್ಟು. ನಂಗೆ ಆ ಪೋಸ್ಟರ್ ಕೋಟ್‌ಗಿಂತ ಇದೇ ಮುಖ್ಯ ಅನ್ಸತ್ತೆ. ಒಂದು ಮೈ ಹೆಂಗೆ ಅಲ್ಲಾಡತ್ತೆ ಅನ್ನೋದು ಯಾರನ್ನೋ ಹತ್ತಿರದಿಂದ ನೋಡಿ ಬಂದಿರತ್ತೆ.

ಇನ್ನೊಂದು. ಕೆಲಸ ಹೋಗಿದ್ದಕ್ಕೆಲ್ಲಾ ಎಐನೇ ಕಾರಣ ಅನ್ನೋದೂ ಸುಳ್ಳು. 2025ರ ಫೆಬ್ರವರಿಲಿ ಟೆಕ್ನಿಕಲರ್ ಅನ್ನೋ ಸಿನಿಮಾ ಗ್ರಾಫಿಕ್ಸ್ ಕಂಪನಿ ಕುಸಿದು ಬಿದ್ದಾಗ ಬೆಂಗಳೂರು, ಮುಂಬೈ ಸೇರಿ ಸಾವಿರಾರು ಜನ ರಾತ್ರೋರಾತ್ರಿ ಬೀದಿಗೆ ಬಂದ್ರು, ಅದು ಸಾಲ, ಕೋವಿಡ್ ನಂತರದ ಹೊಡೆತ, 2023ರ ಹಾಲಿವುಡ್ ಸ್ಟ್ರೈಕು ಎಲ್ಲಾ ಸೇರಿ ಆಗಿದ್ದು. ಆದ್ರೆ ಹಂಗೆ ಹೊರಗೆ ಬಂದವ್ರಿಗೆ ಮತ್ತೆ ಕೆಲಸ ಸಿಗ್ತಿದ್ಯಾ ಅಂತ ಕೇಳಿ ನೋಡಿ. ಅಲ್ಲಿ ಎಐ ಬರತ್ತೆ.

ಅದ್ರಲ್ಲೂ ರೋಟೋ. ಸಿನಿಮಾದಲ್ಲಿ ಹೀರೋ ಹಿಂದೆ ಬೆಟ್ಟ ತೆಗ್ದು ಸಮುದ್ರ ಇಡ್ಬೇಕು ಅಂದ್ರೆ ಹೀರೋನ ಅಂಚು ಪ್ರತಿ ಫ್ರೇಮಲ್ಲೂ ಬಿಡಿಸ್ಬೇಕು, ಕೂದಲು ಬೇರೆ, ಬೆರಳು ಬೇರೆ, ಶರ್ಟ್ ತುದಿ ಬೇರೆ. ಹಾಲಿವುಡ್‌ನ ಈ ಕತ್ತೆ ಚಾಕರಿ ವರ್ಷಾನುಗಟ್ಟಲೆ ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈಲಿ ನೈಟ್ ಶಿಫ್ಟಲ್ಲಿ ನಡೀತು. ನಾನೂ ಅಲ್ಲಿಂದ್ಲೇ ಶುರು ಮಾಡಿದ್ದು. ಎಂಟು ತಿಂಗಳು ಒಬ್ಬ ನಟನ ಕೂದಲು ಬಿಟ್ರೆ ಬೇರೇನೂ ಕೊಡ್ಲಿಲ್ಲ ನಂಗೆ, ದಿನಾ ಬೈಕೊಂಡೇ ಹೋಗ್ತಿದ್ದೆ. ಆದ್ರೆ ಮನುಷ್ಯ ತಿರುಗೋವಾಗ ಮೊದ್ಲು ಕಣ್ಣು, ಆಮೇಲೆ ತಲೆ, ಆಮೇಲೆ ಭುಜ, ಕೂದಲು ಎಲ್ಲಕ್ಕಿಂತ ತಡವಾಗಿ ಬಂದು, ಬೇಕಾದ್ದಕ್ಕಿಂತ ಮುಂದೆ ಹೋಗಿ ವಾಪಸ್ ಬರತ್ತೆ ಅಂತ ಯಾವ ಕಾಲೇಜೂ ನಂಗೆ ಕಲಿಸಿದ್ದಲ್ಲ, ಆ ಎಂಟು ತಿಂಗಳು ಕಲಿಸಿದ್ದು.

2023ರಲ್ಲಿ ಮೆಟಾದವ್ರ ಸೆಗ್ಮೆಂಟ್ ಎನಿಥಿಂಗ್ ಬಂತು, ಮರುವರ್ಷ ವಿಡಿಯೋಗೂ ಬಂತು. ಒಂದು ಕ್ಲಿಕ್ಕಿಗೆ ಅಂಚು ರೆಡಿ. ಕೂದಲಲ್ಲಿ ಈಗ್ಲೂ ಎಡವತ್ತೆ, ಆದ್ರೆ ಹತ್ತು ಜನ ಮಾಡೋ ಕಡೆ ಇಬ್ಬರು ಸಾಕು. ಆ ಇಬ್ಬರು ಸೀನಿಯರ್ಸು. ಗದಗದಿಂದಲೋ ಚಿತ್ರದುರ್ಗದಿಂದಲೋ ಲಕ್ಷ ಲಕ್ಷ ಫೀಸ್ ಕಟ್ಟಿ ಕೋರ್ಸ್ ಮುಗಿಸಿ ಬಂದ ಹುಡುಗ ಕೂತ್ಕೋಬೇಕಾಗಿದ್ದ ಕುರ್ಚಿ ಅದು. ಆ ಕೆಲಸ ಹೋಯ್ತು ಅಂತ ಯಾರೂ ಅಳಲ್ಲ, ನಾನೂ ಅಳಲ್ಲ, ಬೋರಿಂಗ್ ಕೆಲಸ. ಆದ್ರೆ ಎಲ್ಲಾ ಸ್ಟುಡಿಯೋಗೂ ಈಗ ಐದು ವರ್ಷ ಅನುಭವ ಇರೋರೇ ಬೇಕು, ಎಐ ಮಾಡಿದ್ರಲ್ಲಿ ತಪ್ಪು ಹಿಡಿಯೋ ಕಣ್ಣು ಬೇಕು. ಆ ಕಣ್ಣು ಎಲ್ಲಿ ತಯಾರಾಗ್ಬೇಕು ಮತ್ತೆ? ಸಂತೇಲಿ ಸಿಗತ್ತಾ?

"ಫೋಟೋ ಬಂದಾಗ ಚಿತ್ರಕಾರರು ಸತ್ರಾ" ಅಂತ ಕೇಳೋರು ಇದಾರೆ. 1961ರಲ್ಲಿ ಡಿಸ್ನಿ '101 ಡಾಲ್ಮೇಷಿಯನ್ಸ್' ಅನ್ನೋ ನಾಯಿಗಳ ಕಥೆಯ ಸಿನಿಮಾಗೆ ಝೆರಾಕ್ಸ್ ತಂತ್ರ ತಂದಾಗ, ಸೆಲ್ (ಪಾರದರ್ಶಕ ಹಾಳೆ) ಮೇಲೆ ಕೈಯಲ್ಲಿ ಗೆರೆ ಎಳೀತಿದ್ದ ಹೆಂಗಸರಲ್ಲಿ ಹೆಚ್ಚಿನವ್ರ ಕೆಲಸ ಹೋಯ್ತು. ಕಲೆ ಉಳೀತು ನಿಜ, ಅವ್ರು ಮನೆಗೆ ಹೋದ್ರು. ಆದ್ರೂ ಆ ಮೆಷಿನ್ನು ಎತ್ಕೊಂಡಿದ್ದು ಅದೇ ಸ್ಟುಡಿಯೋದ ಅನಿಮೇಟರ್ ಬರೆದ ಗೆರೆನ. ಇವತ್ತಿನ ಎಐ ಯಾರ್ಯಾರದೋ ಗೆರೆನ ಕೇಳದೇ ನುಂಗಿ ಬೆಳೆದಿರೋದು. 2025ರ ಜೂನಲ್ಲಿ ಡಿಸ್ನಿ, ಯೂನಿವರ್ಸಲ್ ಸೇರಿ ಎಐ ಚಿತ್ರ ಮಾಡೋ ಕಂಪನಿ ಮಿಡ್‌ಜರ್ನಿ ಮೇಲೆ ಕೇಸ್ ಹಾಕಿದ್ರು, ನಮ್ಮ ಪಾತ್ರ ಕದ್ರು ಅಂತ. ಅದೇ ಡಿಸ್ನಿ ಡಿಸೆಂಬರಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಜೊತೆ ಒಪ್ಪಂದ ಮಾಡ್ಕೊಂಡು 100 ಕೋಟಿ ಡಾಲರ್ ಹೂಡ್ತೀವಿ ಅಂತು. ದೊಡ್ಡವ್ರು ಜಗಳ ಆಡ್ತಾರೆ, ರಾಜಿ ಆಗ್ತಾರೆ. ಇನ್‌ಸ್ಟಾಗ್ರಾಮಲ್ಲಿ ತನ್ನ ಡ್ರಾಯಿಂಗ್ ಹಾಕಿದ್ದ ಶಿರಸಿ ಹುಡುಗಿ ಯಾವ ಲಾಯರ್ ಹತ್ರ ಹೋಗ್ಬೇಕು.

ಜಪಾನಲ್ಲಿ 2023ರ ಜನವರಿಲಿ ನೆಟ್‌ಫ್ಲಿಕ್ಸ್‌ನವ್ರು ಒಂದು ಕಿರುಚಿತ್ರ ಬಿಟ್ರು, ಬ್ಯಾಕ್‌ಗ್ರೌಂಡ್ ಎಐದು. ಕಾರಣ ಏನಂದ್ರೆ ಆನಿಮೆ ಇಂಡಸ್ಟ್ರಿಲಿ ಜನ ಸಿಗ್ತಿಲ್ಲ ಅಂತ (ಸರಿಯಾಗಿ ಸಂಬಳ ಕೊಟ್ರೆ ಸಿಗ್ತಿದ್ರೇನೋ). ಕೊನೇಲಿ ಹೆಸರು ಬರುವಾಗ ಬ್ಯಾಕ್‌ಗ್ರೌಂಡ್ ಡಿಸೈನರ್ ಜಾಗದಲ್ಲಿ ಎಐ ಅಂತ ಬರೆದು, ಬ್ರ್ಯಾಕೆಟ್ ಒಳಗೆ ಪ್ಲಸ್ ಹ್ಯೂಮನ್ ಅಂತ ಹಾಕಿದ್ರು. ಮನುಷ್ಯ ಬ್ರ್ಯಾಕೆಟ್ ಒಳಗೆ, ಅದೂ ಹೆಸರಿಲ್ದೆ!

ಹಾಗಂತ ಎಲ್ಲರ ಮೇಲೂ ಒಂದೇ ಸಿಟ್ಟಿಲ್ಲ ನಂಗೆ. ನಮ್ಮ ಕನ್ನಡದಲ್ಲೇ 'ಲವ್ ಯೂ' ಅಂತ 2025ರಲ್ಲಿ ಪೂರ್ತಿ ಎಐ ಸಿನಿಮಾ ಬಂತು, ಬೆಂಗಳೂರಿನಲ್ಲಿ ದೇವಸ್ಥಾನದ ಅರ್ಚಕರಾಗಿರೋ ನರಸಿಂಹಮೂರ್ತಿ ಅನ್ನೋರು ಸುಮಾರು 10 ಲಕ್ಷದಲ್ಲಿ ಮಾಡಿದ್ದು. ಯಾವ ಪ್ರೊಡ್ಯೂಸರೂ ಬಾಗಿಲು ತೆಗೀದೇ ಇರೋ ಮನುಷ್ಯ ತನ್ನ ಕಥೆ ತಾನೇ ಮಾಡ್ಕೊಂಡ್ರೆ ನಾನ್ಯಾಕೆ ಅಡ್ಡ ನಿಲ್ಲಲಿ. ಸ್ಪೈಡರ್‌ಮ್ಯಾನ್ ಅನಿಮೇಷನ್ ಸಿನಿಮಾದಲ್ಲಿ ಮುಖದ ಮೇಲಿನ ಇಂಕ್ ಗೆರೆಗೆ ಮೆಷಿನ್ ಲರ್ನಿಂಗ್ ಬಳಸಿದ್ರು, ಆರ್ಟಿಸ್ಟ್ ಬರೆದ ಗೆರೆ ನೋಡಿ ಮುಂದಿನ ಫ್ರೇಮಿಂದು ಅದು ಊಹಿಸತ್ತೆ, ಬೇಡ ಅಂದ್ರೆ ಆರ್ಟಿಸ್ಟೇ ತಿದ್ದೋದು. ಅಂಥದ್ದು ನಾಳೆನೇ ಕೊಡಿ, ಬಳಸ್ತೀನಿ. ಸಿಟ್ಟು ಬರೋದು ದುಡ್ಡಿರೋರ ಮೇಲೆ. ಜಿಯೋಹಾಟ್‌ಸ್ಟಾರಲ್ಲಿ 2025ರ ಅಕ್ಟೋಬರಲ್ಲಿ ಎಐ ಮಹಾಭಾರತ ಬಂತಲ್ಲ, ಹಸ್ತಿನಾವತಿ ಅರಮನೆಲಿ ಮಂಚದ ಪಕ್ಕ ಡ್ರಾಯರ್ ಇರೋ ಈಗಿನ ಕಾಲದ ಟೇಬಲ್ಲು! ಜನ ಸ್ಕ್ರೀನ್‌ಶಾಟ್ ತೆಗ್ದು ಟ್ರೋಲ್ ಮಾಡಿದ್ರು. ಅದೇ ವರ್ಷ ನಮ್ಮ ಹೊಂಬಾಳೆಯವ್ರು ತಂದ ನರಸಿಂಹಾವತಾರದ ಅನಿಮೇಷನ್ ಸಿನಿಮಾಗೆ ಚಪ್ಪಲಿ ಬಿಟ್ಟು ಥಿಯೇಟರ್ ಒಳಗೆ ಹೋದವ್ರೂ ಇದೇ ಜನ. ಜನಕ್ಕೆ ಗೊತ್ತಾಗಲ್ಲ ಅಂತೆ.

ಆ ಮಸಾಲೆ ಆಡ್‌ನ ಕ್ಲಿಪ್ಪನ್ನ ಊರಿಗೆ ಹೋದಾಗ ಅಪ್ಪಯ್ಯಂಗೆ ತೋರ್ಸಿದ್ದೆ, ಎಐ ಗಿಯೈ ಏನೂ ಹೇಳ್ದೆ. ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿ "ಇವ ಯಾವ ಮೇಳದವನಾ? ಗೆಜ್ಜೆ ಕಟ್ಟಿದ್ದು ಯಾರು ಇವಂಗೆ? ತಾಳ ಒಂದು ಕಡೆ ಕಾಲು ಒಂದು ಕಡೆ" ಅಂದ್ರು. ಆಮೇಲೆ ಊಟದ ಟೇಬಲ್ ಮೇಲೆ ಬೆರಳಲ್ಲಿ ಬಡಿದು ಬಾಯ್ತಾಳ ಹೇಳ್ತಾ ಎಲ್ಲಿ ಹೆಜ್ಜೆ ಬೀಳ್ಬೇಕು, ಎಲ್ಲಿ ಮಂಡಿ ಬಗ್ಗಬೇಕು ಅಂತ ಕೂತಲ್ಲೇ ತೋರ್ಸಿದ್ರು, 74 ವರ್ಷ ಅವ್ರಿಗೆ. ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದೆ.

ಬಂದವ್ನು ಆ 6 ಸೆಕೆಂಡಿನ ಕುಣಿತದ ಶಾಟನ್ನ ಪೂರ್ತಿ ಕೈಯಲ್ಲೇ ಮಾಡ್ದೆ, ಯಾರೂ ಕೇಳಿರ್ಲಿಲ್ಲ, ದುಡ್ಡೂ ಇಲ್ಲ. ಎರಡು ಫ್ರೇಮಿಗೊಂದರ ಲೆಕ್ಕದಲ್ಲಿ 72 ಡ್ರಾಯಿಂಗು, ಅಪ್ಪಯ್ಯನ ಟೇಬಲ್ ಬಡಿತಕ್ಕೆ ಹೆಜ್ಜೆ ಕೂರಿಸಿ. ನಾಲ್ಕು ರಾತ್ರಿ ಹಿಡೀತು. ಕಳಿಸ್ದೆ.

ಮೊನ್ನೆ ಫೀಡ್‌ಬ್ಯಾಕ್ ಬಂತು. "ಸೂಪರ್ ಆಗಿದೆ ಸರ್, ಆದ್ರೆ ಉಳಿದ ಶಾಟ್‌ಗಳಿಗೆ ಮ್ಯಾಚ್ ಆಗ್ತಿಲ್ಲ, ಆ ಹೆಜ್ಜೆದು ಜರ್ಕ್ ಸ್ವಲ್ಪ ಕಮ್ಮಿ ಮಾಡಿ ಎಐ ಥರ ಸ್ಮೂತ್ ಮಾಡ್ಕೊಡ್ತೀರಾ?"